ಪಂಜರದಲ್ಲಿ ಮುಗಿಯದ ಮಳೆಗಾಲ

ಬಡ್ಜಿ ಎಂಬ ಪುಟ್ಟ ಗಿಣಿಜಾತಿಯ ಹಕ್ಕಿಯನ್ನು ಸಾಕುವವರ ಮನೆಗೆ ಬಂದವರು ಮೊದಲು ಕೇಳುವುದು ಒಂದೇ ಮಾತು: "ಮರಿ ಮಾಡಿದ್ಯಾ?" ಮಾಡಿದೆ ಎಂದರೆ ಸಾಕಿದವರ ಕೈಗುಣ ಒಳ್ಳೆಯದು, ಹಕ್ಕಿ ಸುಖವಾಗಿದೆ ಎಂದು ತೀರ್ಮಾನ. ಇಲ್ಲ ಎಂದರೆ ಒಂದು ಮರುಕ, ಅದರ ಬೆನ್ನಿಗೇ ಸಲಹೆ: ಗೂಡಿನ ಮಡಕೆ ಬದಲಿಸಿ ನೋಡಿ, ಜೋಡಿ ಬದಲಿಸಿ ನೋಡಿ. ಬಡ್ಜಿಗಳ ಜೊತೆ ಕಳೆದ ವರ್ಷಗಳನ್ನು ಈಗ ತಿರುಗಿ ನೋಡಿದರೆ, ಆ ಕಾಲದ ನಮ್ಮೆಲ್ಲರ ಹಕ್ಕಿಜ್ಞಾನ ಈ ಒಂದು ಪ್ರಶ್ನೆಯ ಸುತ್ತಲೇ ಗಿರಕಿ ಹೊಡೆಯುತ್ತಿತ್ತು ಅನ್ನಿಸುತ್ತದೆ. ಯಾರ ಮನೆಯಲ್ಲಿ ಎಷ್ಟು ಮರಿ, ಯಾವ ಬಣ್ಣದ್ದು, ಎಷ್ಟನೇ ಸಲದ್ದು ಎಂಬುದಷ್ಟೇ ಮಾತು. ತಾಯಿ ಹಕ್ಕಿ ಎಷ್ಟು ವರ್ಷ ಬದುಕಿತು ಎಂದು ಕೇಳಿದವರನ್ನು ನಾನು ಕಾಣೆ. ಬಡ್ಜಿ ಮರಿ ಮಾಡುವುದು ಅದರ ಸುಖಕ್ಕೆ ಸಾಕ್ಷಿಯಾಗುವುದಿಲ್ಲ, ಮರಿ ಮಾಡಿಸಿದವರ ಹೆಚ್ಚುಗಾರಿಕೆಯೂ ಅದರಲ್ಲಿ ಏನಿಲ್ಲ, ಮರಿ ಮಾಡದಂತೆ ನೋಡಿಕೊಳ್ಳುವ ಕಡೆಯೇ ಸಾಕುವವರ ಅಸಲು ಕೆಲಸ ಇರುವುದು ಎಂಬುದು ಇಷ್ಟು ವರ್ಷಗಳ ಮೇಲೆ ನನಗೆ ಖಾತ್ರಿಯಾಗಿರುವ ಸಂಗತಿ.

ಈ ಹಕ್ಕಿ ನಮ್ಮ ಜಗಲಿಗಳಿಗೆ ಬಂದ ದಾರಿಯಲ್ಲೇ ಮರಿಯ ಈ ಹುಚ್ಚಿಗೂ ಒಂದು ಕಾರಣ ಸಿಗುತ್ತದೆ. ಒಂದು ಕಾಲಕ್ಕೆ ನಮ್ಮಲ್ಲಿ ಪಂಜರದ ಹಕ್ಕಿ ಎಂದರೆ ಹಸಿರು ಗಿಣಿಯೇ. ಅದು ಮನೆಯ ಪಂಜರದಲ್ಲಿ ಸಾಮಾನ್ಯವಾಗಿ ಮರಿ ಮಾಡುತ್ತಿರಲಿಲ್ಲ. ಮರದ ಪೊಟರೆಗೆ ಕೈಹಾಕಿ ಮರಿ ಕದ್ದು ತಂದೇ ಸಾಕಬೇಕಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಅದಕ್ಕೆ 1991ರಲ್ಲಾದ ತಿದ್ದುಪಡಿಗಳ ಮೇಲೆ ದೇಶದ ಕಾಡುಹಕ್ಕಿಗಳ ಮಾರಾಟ ಕಾನೂನಿಗೆ ವಿರುದ್ಧವಾಯಿತು. ಬಡ್ಜಿ ಈ ನೆಲದ ಹಕ್ಕಿಯಲ್ಲ, ಹಾಗಾಗಿ ಆ ಕಾನೂನಿನ ಹಿಡಿತಕ್ಕೆ ಸಿಗಲಿಲ್ಲ. ಬೆಂಗಳೂರಿನ ರಸೆಲ್ ಮಾರುಕಟ್ಟೆಯ ಸುತ್ತಲಿನ ಹಕ್ಕಿ ಅಂಗಡಿಗಳಿಂದ ಹಿಡಿದು ಸಣ್ಣ ಊರುಗಳ ಅಕ್ವೇರಿಯಂ ಅಂಗಡಿಗಳವರೆಗೆ 'ಲವ್ ಬರ್ಡ್ಸ್' ಎಂಬ ಹೆಸರಿನಲ್ಲಿ ಇದು ಜೋಡಿ ಲೆಕ್ಕದಲ್ಲಿ ಮನೆಗಳಿಗೆ ಬಂತು. (ನಿಜವಾದ ಲವ್ ಬರ್ಡ್ ಆಫ್ರಿಕಾದ ಬೇರೆಯೇ ಹಕ್ಕಿ, ಆ ತಕರಾರು ಈಗ ಬೇಡ.) ಆಗಿನ ಪಂಜರಗಳು ಕಣ್ಣಿಗೆ ಕಟ್ಟಿದಂತಿವೆ: ಒಂದೂವರೆ ಅಡಿ ಉದ್ದಗಲದ ತಂತಿ ಗೂಡು, ತಟ್ಟೆಯಲ್ಲಿ ನವಣೆ, ಅಡ್ಡಕ್ಕೊಂದು ಕೋಲು, ಮೇಲಿನ ಮೂಲೆಯಲ್ಲಿ ತಂತಿ ಬಿಗಿದು ಕಟ್ಟಿದ ಮಣ್ಣಿನ ಮಡಕೆ, ಮಡಕೆಯ ಹೊಟ್ಟೆಗೆ ಕೊರೆದ ರಂಧ್ರ. ಹಕ್ಕಿಯ ಜೊತೆಗೇ ಮಡಕೆಯನ್ನೂ ಕೊಳ್ಳುವುದು ರೂಢಿ. ಗಿಣಿಯ ಕಾಲದಲ್ಲಿ ಕಾಡಿನಿಂದ ಕದಿಯಬೇಕಾಗಿದ್ದ ಮರಿ ಈಗ ಮನೆಯಲ್ಲೇ ಆಗುತ್ತದೆ ಎಂಬುದು ಆಗ ದೊಡ್ಡ ಸುಧಾರಣೆಯಾಗಿ ಕಂಡಿತ್ತು. ಒಂದರ್ಥದಲ್ಲಿ ಅದು ಸುಧಾರಣೆಯೇ ಹೌದು. ಆದರೆ ಆ ಮಡಕೆ ಹಕ್ಕಿಯ ಮೈಗೆ ಏನು ಹೇಳುತ್ತದೆ ಎಂದು ನಮಗೆ ಯಾರೂ ತಿಳಿಸಿರಲಿಲ್ಲ.

ಅದನ್ನು ತಿಳಿಯಬೇಕಾದರೆ ಆಸ್ಟ್ರೇಲಿಯಾದ ಒಳನಾಡಿಗೆ ಹೋಗಬೇಕು. ಬಡ್ಜಿ ಅಲ್ಲಿನ ಬರಡು ಬಯಲಿನ ಹಕ್ಕಿ. ಸುಮಾರು ಹದಿನೆಂಟು ಸೆಂಟಿಮೀಟರ್ ಉದ್ದ, ಮೂವತ್ತು ಗ್ರಾಂ ಆಸುಪಾಸಿನ ತೂಕ. ಅಲ್ಲಿ ಮಳೆಗೆ ನಮ್ಮ ಮುಂಗಾರಿನಂಥ ವಾಯಿದೆ ಇಲ್ಲ. ಬಂದರೆ ಬಂತು, ಬಾರದಿದ್ದರೆ ವರ್ಷಗಟ್ಟಲೆ ಇಲ್ಲ. ಮಳೆ ಬಿದ್ದ ಕಡೆ ಹುಲ್ಲು ಚಿಗುರಿ, ತೆನೆ ಬಿಟ್ಟು, ಬೀಜ ಉದುರುವುದಕ್ಕೂ ಸಾವಿರಗಟ್ಟಲೆ ಬಡ್ಜಿಗಳ ಹಿಂಡು ಅಲ್ಲಿಗೆ ಬಂದಿಳಿಯುವುದಕ್ಕೂ ಸರಿಹೋಗುತ್ತದೆ. ನೀಲಗಿರಿ ಜಾತಿಯ ಮರಗಳ ಪೊಟರೆಗಳಲ್ಲಿ ಅವು ಮೊಟ್ಟೆ ಇಡುತ್ತವೆ. ಒಂದೇ ಮರದಲ್ಲಿ ಹಲವು ಸಂಸಾರ. ಈ ಅವಕಾಶ ಮತ್ತೆ ಯಾವಾಗಲೋ ಗೊತ್ತಿಲ್ಲವಾದ್ದರಿಂದ ಅವುಗಳ ಮೈ ಸದಾ ತಯಾರಿಯಲ್ಲಿರುತ್ತದೆ, ಋತುವಿಗಾಗಿ ತಿಂಗಳುಗಟ್ಟಲೆ ಕಾಯುವುದಿಲ್ಲ. ಬೀಜ ಮುಗಿಯುವವರೆಗೆ ಮರಿ ಮಾಡಿ, ಮುಗಿದ ಮೇಲೆ ಹಾರಿಹೋಗುತ್ತವೆ. ಈ ಧಾರಾಳದ ಇನ್ನೊಂದು ಮುಖ ಸಾವು. 1932ರ ಬೇಸಿಗೆಯ ಬಿಸಿಗಾಳಿಯಲ್ಲಿ ಅಲ್ಲಿನ ನೀರಿನ ತಾಣಗಳ ಬಳಿ ಬಡ್ಜಿಗಳು ಸಾವಿರಸಾವಿರ ಸಂಖ್ಯೆಯಲ್ಲಿ ಸತ್ತು ಬಿದ್ದವು. ಬರಗಾಲ ಒಂದೇ ಸಲಕ್ಕೆ ಬಾಚಿಕೊಂಡು ಹೋಗುವುದನ್ನು ಮಳೆಗಾಲ ಒಂದೇ ಸಲಕ್ಕೆ ತುಂಬಿಕೊಡಬೇಕು. ಆ ಹಕ್ಕಿಯ ಸಂತಾನಶಕ್ತಿ ಆ ಲೆಕ್ಕಕ್ಕೆ ಹೊಂದಿಕೊಂಡು ಬಂದದ್ದು.

ಈಗ ನಮ್ಮ ಮನೆಯ ಪಂಜರವನ್ನು ಆ ಹಕ್ಕಿಯ ಕಣ್ಣಿನಿಂದ ನೋಡಿ. ಬೆಳಗಾದರೆ ತಟ್ಟೆ ತುಂಬ ನವಣೆ. ನಾಳೆಯೂ ಇದೆ, ಆಚೆ ನಾಳೆಯೂ ಇದೆ. ನೀರು ಬತ್ತುವುದಿಲ್ಲ. ಬೆಂಗಳೂರು, ಮೈಸೂರಿನಂಥ ಊರಿನ ಹವೆಯಲ್ಲಿ ಸುಡುವ ಬಿಸಿಲೂ ಇಲ್ಲ, ಕೊರೆಯುವ ಚಳಿಯೂ ಇಲ್ಲ. ಮೇಲಿನ ಮೂಲೆಯಲ್ಲಿ ಕತ್ತಲೆಯ ಪೊಟರೆ, ಪಕ್ಕದಲ್ಲಿ ಗುನುಗುವ ಗಂಡು. ಈ ಗುನುಗು ಬರೀ ಸದ್ದಲ್ಲ. 1960ರ ದಶಕದಲ್ಲಿ ಬಾರ್ಬರಾ ಬ್ರಾಕ್‌ವೇ ಎಂಬ ವಿಜ್ಞಾನಿ ನಡೆಸಿದ ಪ್ರಯೋಗಗಳಲ್ಲಿ, ಗಂಡು ಬಡ್ಜಿಯ ಮೆಲುದನಿಯ ಪ್ರಣಯಗಾನ ಕೇಳುತ್ತಿದ್ದರೇ ಸಾಕು, ಹೆಣ್ಣಿನ ಅಂಡಾಶಯ ಬೆಳೆದು ಮೊಟ್ಟೆ ಇಡಲು ಸಜ್ಜಾಗುತ್ತದೆ ಎಂದು ತಿಳಿದುಬಂತು. ಅಂದರೆ ಕಾಡಿನಲ್ಲಿ ಯಾವಾಗಲೋ ಒಮ್ಮೆ ಕೂಡಿಬರುವ ಯೋಗವನ್ನು ನಾವು ಹನ್ನೆರಡು ತಿಂಗಳೂ ಪಂಜರದಲ್ಲಿ ಕಟ್ಟಿಟ್ಟಿರುತ್ತೇವೆ. ಮಳೆಗಾಲ ಮುಗಿಯುವುದೇ ಇಲ್ಲ. ಬರ ಬಂದು ಹಾರಿಹೋಗು ಎನ್ನುವುದಿಲ್ಲ. ಬಂದರೂ ಹಾರಲು ಜಾಗವಿಲ್ಲ. ಇಂಥಲ್ಲಿ ಹಕ್ಕಿ ಮೊಟ್ಟೆ ಇಟ್ಟರೆ ಅದು ಸಾಕಿದವರಿಗೆ ಕೊಟ್ಟ ಶಹಭಾಸ್‌ಗಿರಿ ಎಂದು ತಿಳಿಯುವುದು ಹಾಸ್ಯಾಸ್ಪದ. ಅದಕ್ಕೆ ಬೇರೆ ದಾರಿಯೇ ಇಲ್ಲ.

ಇದಕ್ಕೆ ಬೆಲೆ ತೆರುವುದು ಹೆಣ್ಣು. ಒಂದು ಮೊಟ್ಟೆಯ ತೂಕ ಸುಮಾರು ಎರಡು ಗ್ರಾಂ. ದಿನ ಬಿಟ್ಟು ದಿನದಂತೆ ಐದಾರು ಮೊಟ್ಟೆ ಇಟ್ಟರೆ, ಹನ್ನೆರಡು ದಿನದೊಳಗೆ ತನ್ನ ಮೈತೂಕದ ಮೂರನೇ ಒಂದು ಭಾಗದಷ್ಟನ್ನು ಅದು ಮೊಟ್ಟೆಯಾಗಿ ಹೊರಹಾಕಿರುತ್ತದೆ. ಚಿಪ್ಪಿಗೆ ಬೇಕಾದ ಸುಣ್ಣದಂಶ ನವಣೆ, ಸಾಮೆ, ಬರಗುಗಳಲ್ಲಿ ಇರುವುದು ಅತ್ಯಲ್ಪ. ಊಟದಲ್ಲಿ ಸಿಗದಿದ್ದರೆ ಅದು ಮೂಳೆಯಿಂದಲೇ ಬರಬೇಕು. ಮೂಳೆಯೂ ಬರಿದಾದಾಗ ಏನಾಗುತ್ತದೆಂದು ಬಹುಕಾಲ ಸಾಕಿದವರಿಗೆ ಗೊತ್ತಿರುತ್ತದೆ. ಹೆಣ್ಣು ಕೋಲಿನಿಂದ ಇಳಿದು ಪಂಜರದ ತಳದಲ್ಲಿ ಕೂರುತ್ತದೆ. ಪುಕ್ಕವೆಲ್ಲ ಕೆದರಿ ಹತ್ತಿಯುಂಡೆಯಂತಾಗಿರುತ್ತದೆ, ಕಣ್ಣು ಅರ್ಧ ಮುಚ್ಚಿರುತ್ತದೆ, ಒಂದೊಂದು ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತಿರುತ್ತದೆ. ಕೈಗೆ ತೆಗೆದುಕೊಂಡು ಹೊಟ್ಟೆಯ ಕೆಳಭಾಗವನ್ನು ಹಗುರವಾಗಿ ಮುಟ್ಟಿದರೆ ಮೊಟ್ಟೆ ಗಟ್ಟಿಯಾಗಿ ಬೆರಳಿಗೆ ಹತ್ತುತ್ತದೆ. ಹೊರಗೆ ತಳ್ಳುವ ಶಕ್ತಿ ಸ್ನಾಯುಗಳಲ್ಲಿ ಉಳಿದಿರುವುದಿಲ್ಲ. ಬೆಚ್ಚಗಿಟ್ಟು, ಬೇಗ ಹಕ್ಕಿ ಬಲ್ಲ ಪಶುವೈದ್ಯರಿಗೆ ತೋರಿಸಿದರೆ ಕೆಲವು ಉಳಿಯುತ್ತವೆ. ಬೆಳಗಾಗಲಿ ನೋಡೋಣ ಎಂದರೆ ಎಷ್ಟೋ ಸಲ ಬೆಳಗಾಗುವಷ್ಟರಲ್ಲಿ ಮುಗಿದಿರುತ್ತದೆ. ಒಂದು ವರ್ಷ ತುಂಬದ ಎಳೆ ಹೆಣ್ಣುಗಳಿಗೂ, ಮೇಲಿಂದ ಮೇಲೆ ಮೊಟ್ಟೆ ಇಟ್ಟು ಸೊರಗಿದವಕ್ಕೂ ಈ ಅಪಾಯ ಹೆಚ್ಚು. ಚೆನ್ನಾಗಿ ನೋಡಿಕೊಂಡರೆ ಎಂಟು ಹತ್ತು ವರ್ಷ ಬಾಳಬಹುದಾದ ಹಕ್ಕಿ ಎರಡು ಮೂರು ವರ್ಷಕ್ಕೇ ಹೋದಾಗ "ದೃಷ್ಟಿ ಆಯ್ತೇನೋ" ಎನ್ನುವುದು ನಮ್ಮಲ್ಲಿ ಸಾಮಾನ್ಯ. ದೃಷ್ಟಿ ಅಲ್ಲ, ಮಡಕೆ.

ಮರಿಗಳ ಕಥೆಯೂ ನಾವು ಅಂದುಕೊಂಡಷ್ಟು ಮುದ್ದಾಗಿಲ್ಲ. ಕಾವು ಕೂರುವುದು ಹೆಣ್ಣೊಂದೇ. ಗಂಡು ಹೊರಗಿನಿಂದ ಉಣಿಸುತ್ತದೆ. ಮೊದಲ ಒಂದೆರಡು ಮೊಟ್ಟೆ ಇಟ್ಟಾಗಲೇ ಕಾವು ಶುರುವಾಗುವುದರಿಂದ ಹದಿನೆಂಟು ದಿನಕ್ಕೆ ಒಂದು ಒಡೆದರೆ, ಉಳಿದವು ದಿನ ಬಿಟ್ಟು ದಿನ ಒಡೆಯುತ್ತ ಹೋಗುತ್ತವೆ. ಮೊದಲ ಮರಿಗೆ ಕಣ್ಣು ತೆರೆಯುವ ಹೊತ್ತಿಗೆ ಕೊನೆಯ ಮರಿ ಇನ್ನೂ ಚಿಪ್ಪು ಒಡೆಯುತ್ತಿರಬಹುದು. ಕೆಳಗೆ ಸಿಕ್ಕಿ ಅಪ್ಪಚ್ಚಿಯಾಗುವುದು, ಗುಟುಕಿಗೆ ಬಾಯಿ ಎಟುಕದೆ ಸೊರಗುವುದು ಆ ಕೊನೆಯದ್ದೇ. ಮೂವತ್ತು ಮೂವತ್ತೈದು ದಿನಕ್ಕೆ ಮರಿಗಳು ಮಡಕೆಯಿಂದ ಹೊರಬರಬೇಕು. ಅಷ್ಟರೊಳಗೆ ತಾಯಿಗೆ ಮುಂದಿನ ಸರದಿಯ ಒತ್ತಡ ಹತ್ತಿರುತ್ತದೆ. ಒಳಗಿರುವ ಮರಿಗಳು ಈಗ ಜಾಗಕ್ಕೆ ಅಡ್ಡಿ. ಅವುಗಳ ಬೆನ್ನಿನ, ನೆತ್ತಿಯ ಎಳೆ ಪುಕ್ಕಗಳನ್ನು ಕಿತ್ತುಹಾಕುವುದು, ಕೆಲವೊಮ್ಮೆ ಕುಕ್ಕಿ ಸಾಯಿಸುವುದು ಬಡ್ಜಿ ಸಾಕಣೆಯಲ್ಲಿ ಹೊಸದೇನಲ್ಲ. ಅದನ್ನು ಕಂಡವರು ತಾಯಿಯನ್ನು ರಾಕ್ಷಸಿ ಎಂದು ಬೈಯುತ್ತಾರೆ. ತೆರವಾಗಬೇಕಾದ ಹೊತ್ತಿಗೆ ಗೂಡನ್ನು ತೆರವು ಮಾಡಿಸುವ ಬಯಲಿನ ನಿಯಮ ಪಂಜರದಲ್ಲಿ ಇಲ್ಲ, ಮನುಷ್ಯರಾದ ನಾವೂ ಮಾಡಲಿಲ್ಲ ಎಂಬುದನ್ನು ನೆನೆದರೆ ಬೈಗುಳ ಎತ್ತ ತಿರುಗಬೇಕೆಂದು ಗೊತ್ತಾಗುತ್ತದೆ.

ಮರಿ ಮಾಡಿಸಬೇಡಿ ಎಂಬ ಮಾತಿಗೆ ಬರುವ ಮೊದಲ ಆಕ್ಷೇಪ ಎಲ್ಲರಿಗೂ ಹೊಳೆಯುವಂಥದ್ದು: ಕಷ್ಟದಲ್ಲಿರುವ ಪ್ರಾಣಿ ಮರಿ ಮಾಡುತ್ತದೆಯೇ? ಕೆಲವು ಕಾಡುಪ್ರಾಣಿಗಳ ಮಟ್ಟಿಗೆ ಈ ಮಾತು ನಿಜ. ಸೆರೆಯಲ್ಲಿ ಅವು ಸಂತಾನವನ್ನೇ ನಿಲ್ಲಿಸಿಬಿಡುತ್ತವೆ. ಆದರೆ ರೆಕ್ಕೆ ಅಗಲಿಸಲೂ ಜಾಗವಿಲ್ಲದ ತಂತಿ ಗೂಡಿನಲ್ಲಿ ಲೇಯರ್ ಕೋಳಿ ವರ್ಷಕ್ಕೆ ಮುನ್ನೂರರ ಹತ್ತಿರ ಮೊಟ್ಟೆ ಇಡುತ್ತದೆ. ಅದು ಸುಖವಾಗಿದೆ ಎಂದು ಕೋಳಿ ಫಾರಂ ನಡೆಸುವವರೂ ಹೇಳಲಾರರು. ಸಾವಿರಾರು ತಲೆಮಾರು ಮನುಷ್ಯನ ಕೈಯಲ್ಲೇ ಬೆಳೆದ ಪ್ರಾಣಿಗಳಲ್ಲಿ ಸುಲಭವಾಗಿ ಮರಿ ಮಾಡುವಂಥವನ್ನೇ ಆರಿಸುತ್ತ ಬಂದಿರುತ್ತೇವೆ. ಮನುಷ್ಯನ ಕೈಯಲ್ಲಿ ಬಡ್ಜಿ ಕಳೆದ ಕಾಲ ಕೋಳಿಯಷ್ಟು ದೀರ್ಘವಲ್ಲ. 1805ರಲ್ಲಿ ಜೀವವಿಜ್ಞಾನಿ ಜಾರ್ಜ್ ಶಾ ಇದಕ್ಕೆ ಶಾಸ್ತ್ರೀಯ ಹೆಸರಿಟ್ಟ; 1840ರಲ್ಲಿ ಪಕ್ಷಿವಿಜ್ಞಾನಿ ಜಾನ್ ಗೌಲ್ಡ್ ಜೀವಂತ ಹಕ್ಕಿಗಳನ್ನು ಇಂಗ್ಲೆಂಡಿಗೆ ತಂದ. ಆದರೂ ನೂರೆಂಬತ್ತಕ್ಕೂ ಹೆಚ್ಚು ವರ್ಷ ಪಂಜರದಲ್ಲಿ ಉಳಿದು ಬಂದದ್ದು ಪಂಜರದಲ್ಲಿ ಮರಿ ಮಾಡಿದವುಗಳ ಸಂತಾನ ಮಾತ್ರ. ಮಾಡದವುಗಳ ವಂಶ ಅಲ್ಲಿಗೇ ನಿಂತಿತು. ಹೀಗೆ ಸೋಸಿ ಬಂದ ಹಕ್ಕಿಯ ಮೊಟ್ಟೆಯನ್ನು ಅದರ ಮನಸ್ಥಿತಿಗೆ ಅಳತೆಗೋಲು ಮಾಡಿಕೊಳ್ಳಲು ಬರುವುದಿಲ್ಲ.

ಇನ್ನೊಂದು ಆಕ್ಷೇಪವನ್ನು ನಾನು ಇಷ್ಟು ಸುಲಭವಾಗಿ ತಳ್ಳಿಹಾಕಲಾರೆ, ಏಕೆಂದರೆ ಅದರ ಸೆಳೆತ ನನಗೂ ಗೊತ್ತು. ಅದು ಬಣ್ಣದ್ದು: ಮರಿ ಮಾಡಿಸದಿದ್ದರೆ ಹೊಸ ಬಣ್ಣಗಳನ್ನು ಕಾಣುವುದೆಲ್ಲಿ? ಕಾಡಿನ ಬಡ್ಜಿ ಹಸಿರು. ಆ ಹಸಿರು ಬಂದಿರುವುದು ಪುಕ್ಕದ ರಚನೆಯಿಂದ ಚದುರುವ ನೀಲಿ ಬೆಳಕಿನ ಮೇಲೆ ಹಳದಿ ಬಣ್ಣದ್ರವ್ಯ ಕೂತು. ಹಳದಿ ತಯಾರಾಗದಿದ್ದರೆ ಹಕ್ಕಿ ಆಕಾಶನೀಲಿ. ಬಣ್ಣದ್ರವ್ಯ ತಯಾರಿಸುವ ಒಂದೇ ಜೀನ್‌ನಲ್ಲಿ ಆದ ಒಂದು ಸಣ್ಣ ಬದಲಾವಣೆ ಇದಕ್ಕೆ ಕಾರಣ ಎಂಬುದು 2017ರಲ್ಲಿ ಖಚಿತವಾಯಿತು. ಹಳದಿ ಬಡ್ಜಿ, ನೀಲಿ ಬಡ್ಜಿಗಳು 1870-80ರ ಸುಮಾರಿನಲ್ಲೇ ಬೆಲ್ಜಿಯಂನಲ್ಲಿ ಕಾಣಿಸಿಕೊಂಡಿದ್ದವು. ಎರಡು ಹಸಿರು ಹಕ್ಕಿಗಳ ಮಡಕೆಯಿಂದ ಒಂದು ನೀಲಿ ಮರಿ ಹೊರಬಂದಾಗ ಆಗುವ ಬೆರಗು ಸುಳ್ಳಲ್ಲ. ಮೆಂಡೆಲ್‌ನ ಅನುವಂಶೀಯತೆಯ ಪಾಠವನ್ನು ಇದಕ್ಕಿಂತ ಚೆನ್ನಾಗಿ ಯಾವ ಶಾಲೆಯೂ ಕಲಿಸಲಾರದು. ಆದರೆ ಅಡಗಿರುವ ಬಣ್ಣ ಬೇಗ ಹೊರಬರಬೇಕಾದರೆ ಅತಿ ಸುಲಭದ ದಾರಿ ಒಡಹುಟ್ಟಿದವುಗಳನ್ನು ಜೋಡಿ ಮಾಡುವುದು. ಬಣ್ಣದ ಜೊತೆಗೆ ಅಡಗಿದ್ದ ದೋಷಗಳೂ ಆಗ ಹೊರಬರುತ್ತವೆ. ಅಂಗಡಿಯಿಂದ ಜೋಡಿ ತಂದವರಿಗೆ ಅವೆರಡೂ ಒಂದೇ ಮಡಕೆಯವೋ ಅಲ್ಲವೋ ತಿಳಿಯುವುದಿಲ್ಲ. ಕಾಲಿಗೆ ಉಂಗುರ ಹಾಕಿ, ಪುಸ್ತಕದಲ್ಲಿ ವಂಶಾವಳಿ ಬರೆದಿಟ್ಟು, ವರ್ಷಕ್ಕೆ ಎರಡು ಸರದಿಗಿಂತ ಹೆಚ್ಚು ಬೇಡ ಎಂದು ಮಡಕೆ ಇಳಿಸಿ, ಹುಟ್ಟಿದ ಮರಿಗೆಲ್ಲ ಮನೆ ಹುಡುಕಿ ಕೊಡುವವರು ಇದ್ದಾರೆ. ಬಣ್ಣದ ಆಟ ಅವರಿಗಿರಲಿ. ಜಗಲಿಯ ಪಂಜರದಲ್ಲಿ ಅದು ಆಟವಾಗಿ ಉಳಿಯುವುದಿಲ್ಲ. ಒಂದು ಜೋಡಿ, ವರ್ಷಕ್ಕೆ ಎರಡು ಸರದಿ, ಸರದಿಗೆ ನಾಲ್ಕು ಮರಿ ಎಂದರೂ ವರ್ಷಕ್ಕೆ ಎಂಟು. ಮೊದಲ ಎಂಟನ್ನು ನೆಂಟರು ಇಷ್ಟಪಟ್ಟು ಒಯ್ಯುತ್ತಾರೆ, ಎರಡನೇ ಎಂಟನ್ನು ಮುಲಾಜಿಗೆ. ಮೂರನೆಯದು ಅಂಗಡಿಗೆ ವಾಪಸ್ಸು.

ಮೊಟ್ಟೆ ತೆಗೆಯುವುದು ಪಾಪ, ಮಡಕೆ ಇಳಿಸುವುದು ಪ್ರಕೃತಿಗೆ ವಿರೋಧ ಎನ್ನುವವರೂ ಇದ್ದಾರೆ. ಪಾಪಭೀತಿಯನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಮೊಟ್ಟೆ ತೆಗೆಯುವ ಪ್ರಸಂಗವೇ ಬರದಂತೆ ಮೊದಲೇ ಮಡಕೆ ಇಳಿಸಬಹುದಲ್ಲ. ಕತ್ತಲ ಪೊಟರೆ ಕಾಣದಿದ್ದರೆ ಬಹುಪಾಲು ಹೆಣ್ಣುಗಳು ಮೊಟ್ಟೆಯ ಗೋಜಿಗೆ ಹೋಗುವುದಿಲ್ಲ. ಹೋದರೂ, ಇಟ್ಟ ಮೊಟ್ಟೆಯ ಜಾಗದಲ್ಲಿ ಪ್ಲಾಸ್ಟಿಕ್ಕಿನ ಹುಸಿ ಮೊಟ್ಟೆ ಇಟ್ಟರೆ ಕಾವು ಕೂತು ಬೇಸತ್ತು ಎದ್ದುಬರುತ್ತವೆ. ಸುಮ್ಮನೆ ಕಸಿದುಕೊಂಡರೆ ಮತ್ತೆ ಮತ್ತೆ ಇಟ್ಟು ಇನ್ನಷ್ಟು ಸೊರಗುತ್ತವೆ. ಪ್ರಕೃತಿಯ ಮಾತಿಗೆ ಉತ್ತರ ಆಗಲೇ ಬಂದಿದೆ: ಮೊಟ್ಟೆಯ ಕಾಲದಷ್ಟೇ ಮೊಟ್ಟೆಯಿಲ್ಲದ ಕಾಲವೂ ಬಡ್ಜಿಯ ಪ್ರಕೃತಿ. ಎರಡನೆಯದನ್ನು ನಾವು ಅಳಿಸಿಹಾಕಿದ್ದೇವೆ, ಮಡಕೆ ಇಳಿಸುವುದೆಂದರೆ ಅದನ್ನು ವಾಪಸ್ಸು ಕೊಡುವುದು.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬರುವುದು ಎದುರು ದಿಕ್ಕಿನಿಂದ: ಮರಿಯ ಮಾತು ಆಮೇಲೆ, ರೆಕ್ಕೆಯಿರುವ ಜೀವವನ್ನು ಪಂಜರದಲ್ಲಿಡುವುದೇ ತಪ್ಪಲ್ಲವೇ? 2011ರಲ್ಲಿ ಗುಜರಾತ್ ಹೈಕೋರ್ಟ್, 2015ರಲ್ಲಿ ದೆಹಲಿ ಹೈಕೋರ್ಟ್ ಹಕ್ಕಿಗಳಿಗೆ ಹಾರುವ ಹಕ್ಕಿದೆ ಎಂಬರ್ಥದ ಮಾತು ಆಡಿವೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯೂ ಅಲ್ಲಾಡಲು ಜಾಗವಿಲ್ಲದ ಪಂಜರವನ್ನು ಅಪರಾಧ ಎನ್ನುತ್ತದೆ. ಈ ವಾದದ ತಿರುಳನ್ನು ನಾನು ಒಪ್ಪುತ್ತೇನೆ. ಆದರೆ ಅದರಿಂದ ಪಂಜರದ ಬಾಗಿಲು ತೆರೆದುಬಿಡಿ ಎಂಬ ತೀರ್ಮಾನಕ್ಕೆ ಹಾರುವಂತಿಲ್ಲ. ತಲೆಮಾರುಗಳಿಂದ ತಟ್ಟೆಯಲ್ಲಿ ತಿಂದ ಹಕ್ಕಿ ನಮ್ಮೂರಿನ ಬಯಲಿಗೆ ಬಿದ್ದರೆ ನೀಲಿ, ಹಳದಿ ಮೈಯಿಂದಾಗಿ ಕಾಗೆಗೂ ಗಿಡುಗನಿಗೂ ದೂರದಿಂದಲೇ ಎದ್ದು ಕಾಣುತ್ತದೆ. ಅಮೆರಿಕದ ಫ್ಲಾರಿಡಾ ಕರಾವಳಿಯಲ್ಲಿ 1950ರ ದಶಕದಿಂದ ಹೊರಬಿದ್ದ ಬಡ್ಜಿಗಳು ಸಾವಿರಾರು ಸಂಖ್ಯೆಗೆ ಬೆಳೆದು ನೆಲೆ ಕಂಡಂತೆ ಕಂಡವು, 1980ರ ದಶಕದಿಂದ ಕುಸಿದು ಹೆಚ್ಚುಕಡಿಮೆ ಇಲ್ಲವಾದವು. ಆಸ್ಟ್ರೇಲಿಯಾ ತನ್ನ ಹಕ್ಕಿಗಳ ರಫ್ತನ್ನು 1960ರ ಸುಮಾರಿಗೇ ನಿಲ್ಲಿಸಿದೆ, ಈಗಿನ ಪಂಜರದ ಬಡ್ಜಿಗಳಿಗೆ ಅಲ್ಲಿಗೆ ಮರಳುವ ಮಾತೂ ಇಲ್ಲ. ಹಾಗಾಗಿ ಈಗಿರುವ ಹಕ್ಕಿಗಳನ್ನು ನಾವೇ ನೋಡಿಕೊಳ್ಳಬೇಕು, ಹೊಸ ಹಕ್ಕಿಗಳನ್ನು ಪಂಜರಕ್ಕೆ ಹುಟ್ಟಿಸುವಾಗ ಹತ್ತು ಸಲ ಯೋಚಿಸಬೇಕು. ಪಂಜರ ತಪ್ಪು ಎನ್ನುವವರ ವಾದ ನನ್ನ ವಾದಕ್ಕೆ ವಿರೋಧವಾಗಿ ಬಂದು ಅದಕ್ಕೇ ಬಲ ಕೊಟ್ಟು ಹೋಗುತ್ತದೆ.

ಮಡಕೆ ಇಳಿಸಿದ ಮೇಲೆ ಉಳಿಯುವುದೇ ಆರೈಕೆ. ಪಂಜರ ಎತ್ತರವಾಗಿದ್ದು ಪ್ರಯೋಜನವಿಲ್ಲ, ಅಡ್ಡಲಾಗಿ ಉದ್ದವಿರಬೇಕು. ಬಡ್ಜಿ ಹಾರುವುದು ನೇರಕ್ಕೆ. ಬರೀ ಕಾಳು ತಿಂದ ಹಕ್ಕಿಗೆ ಎ ಜೀವಸತ್ವ, ಸುಣ್ಣ, ಅಯೋಡಿನ್ ಕಡಿಮೆ ಬೀಳುತ್ತವೆ. ನುಗ್ಗೆ, ಕೊತ್ತಂಬರಿ ಸೊಪ್ಪು, ತುರಿದ ಕ್ಯಾರೆಟ್, ಸುಣ್ಣದಂಶಕ್ಕೆ ಕಟಲ್ ಬೋನ್ ಎಂಬ ಕಡಲಜೀವಿಯ ಒಳಚಿಪ್ಪು ದಿನವೂ ಇರಲಿ. ಬೆಣ್ಣೆಹಣ್ಣು ವಿಷ, ಒಂದು ಚೂರೂ ಬೇಡ. ಕಾದು ಹೊಗೆಯಾಡುವ ನಾನ್‌ಸ್ಟಿಕ್ ಬಾಣಲೆಯ ಆವಿ ನಿಮಿಷಗಳಲ್ಲಿ ಕೊಲ್ಲುತ್ತದೆ. ಸಾಂಬ್ರಾಣಿ, ಊದುಬತ್ತಿಯ ಹೊಗೆಯೂ ಅವುಗಳ ಎದೆಗೆ ಆಗದು. ಹೀಗಾಗಿ ಅಡುಗೆಮನೆ, ದೇವರಮನೆ ಎರಡರಿಂದಲೂ ಪಂಜರ ದೂರವಿರಬೇಕು. ಇವೆಲ್ಲ ಈಗ ಸಾಕುವವರಿಗೆ ಸಾಮಾನ್ಯವಾಗಿ ಗೊತ್ತಿರುವ ಸಂಗತಿಗಳು. ಗೊತ್ತಿಲ್ಲದಿರುವುದು, ಮರಿಯ ಧ್ಯಾನ ಬಿಟ್ಟ ಮೇಲೆ ಹಕ್ಕಿ ಎಷ್ಟು ಕಾಣಿಸತೊಡಗುತ್ತದೆ ಎಂಬುದು. ಅದರ ಹಿಕ್ಕೆಯ ಬಣ್ಣ, ತೂಕ, ನಿದ್ದೆಯ ಮುಂಚಿನ ಕೊಕ್ಕು ಮಸೆಯುವ ಸಣ್ಣ ಸದ್ದು, ಜೊತೆಗಾರನ ತಲೆ ಕೆರೆಯುವ ಸೌಜನ್ಯ. ಪೆಟ್ಟಿಗೆ ತೆರೆದು ಕಾಳು ತೆಗೆಯಲು ಕಲಿತ ಗಂಡನ್ನು ಕಂಡು, ಮೊದಲು ಬೇರೆಯದನ್ನು ಮೆಚ್ಚಿದ್ದ ಹೆಣ್ಣು ಮನಸ್ಸು ಬದಲಿಸುತ್ತದೆ ಎಂದು 2019ರ ಒಂದು ಅಧ್ಯಯನ ತೋರಿಸಿತು. ಇಷ್ಟು ಲೆಕ್ಕ ಹಾಕುವ ಜೀವವನ್ನು ನಾವು ಮೊಟ್ಟೆಯ ಯಂತ್ರವಾಗಿ ಮಾತ್ರ ನೋಡಿದ್ದೆವು.

ಹೊಸದಾಗಿ ಸಾಕಬೇಕೆಂದಿರುವವರಿಗೆ ನನ್ನದೊಂದೇ ಮಾತು. ಒಂಟಿ ಬಡ್ಜಿ ಕೊರಗುತ್ತದೆ, ಎರಡು ತನ್ನಿ. ಎರಡೂ ಗಂಡೇ ಇರಲಿ. ಕೊಕ್ಕಿನ ಬುಡದ ತೊಗಲು ದೊಡ್ಡ ಗಂಡಿಗೆ ಸಾಮಾನ್ಯವಾಗಿ ನೀಲಿ, ಎಳೆಯದಕ್ಕೆ ಒಂದೇ ಸಮನಾದ ಗುಲಾಬಿ ನೇರಳೆ. ಎಳೆ ಹೆಣ್ಣಿಗೆ ಮೂಗಿನ ಹೊಳ್ಳೆಗಳ ಸುತ್ತ ಬಿಳಿಚಿದ ಬಳೆ ಕಾಣುತ್ತದೆ. ಎರಡು ಗಂಡುಗಳು ಸಾಮಾನ್ಯವಾಗಿ ಜಗಳವಾಡದೆ, ಇಡೀ ದಿನ ಹರಟುತ್ತ, ಒಂದಕ್ಕೊಂದು ಉಣಿಸುತ್ತ ಇರುತ್ತವೆ. ಅಂಗಡಿಯವರು "ಇದು ಜೋಡಿ ಅಲ್ಲ ಸಾರ್, ಮರಿ ಮಾಡಲ್ಲ" ಎಂದು ಎಚ್ಚರಿಸುತ್ತಾರೆ. ಗೊತ್ತು ಎಂದು ಹೇಳಿ, ಮಡಕೆಯನ್ನು ಅಲ್ಲೇ ಬಿಟ್ಟು ಬನ್ನಿ.